ಜಲಧಾರೆಯ ಏರಿಳಿತ: ಕಾರಂಜಿಗಳ ಇತಿಹಾಸವೂ ಕೆಳದಿಯರಸರ ದೇವಗಂಗೆಯೂ

ಗಂಗೆಯನ್ನು ಜಟೆಯಲ್ಲಿ ಧರಿಸಿದ ಪರಶಿವನನ್ನು ಲೋಕವು ಗಂಗಾಧರನೆಂದು ಕೊಂಡಾಡುತ್ತಿರುವುದು ಸರ್ವವಿದಿತವಾದ ವಿಷಯವು. ಆಕಾಶದಿಂದ ಧುಮುಕಿದ ಮಹಾಪ್ರವಾಹವನ್ನು ಶಿರದಲ್ಲಿ ತಡೆದು, ಅದರ ರಭಸವನ್ನು ಶಮನಗೊಳಿಸಿ, ಭೂಮಿಯು ತಾಳುವಷ್ಟೇ ಧಾರೆಯಾಗಿ ಆತನು ಹರಿಯಬಿಟ್ಟನೆಂಬುದು ಪುರಾಣಕಥೆ. ಈ ಕಥೆಯಲ್ಲಿ ಭಕ್ತಿಯ ಮಹಿಮೆಯೊಡನೆ ಜಲವಿದ್ಯೆಯ ಒಂದು ರಹಸ್ಯವೂ ಅಡಗಿರುವುದು. ಎತ್ತರದಲ್ಲಿ ನೀರಿರಬೇಕು, ಅದನ್ನು ತಡೆದು ನಿಲ್ಲಿಸುವ ಆಶ್ರಯವಿರಬೇಕು, ಆ ಆಶ್ರಯದಿಂದ ಹೊರಡುವುದಕ್ಕೆ ಮಿತವಾದ ಬಾಯಿಯಿರಬೇಕು. ಎತ್ತರ, ಆಶ್ರಯ, ಬಾಯಿ ಎಂಬ ಈ ಮೂರೂ ಕೂಡಿದಲ್ಲಿ ಧಾರೆಯು ಸಿದ್ಧಿಸುವುದು. ರಾಜೋದ್ಯಾನಗಳಲ್ಲಿ ಚಿಮ್ಮುವ ಕಾರಂಜಿಯಾಗಲಿ, ಲಿಂಗದ ಮೇಲೆ ತೊಟ್ಟಿಕ್ಕುವ ಧಾರಾಪಾತ್ರೆಯಾಗಲಿ, ಈ ನಿಯಮವನ್ನು ಮೀರಿದುದಲ್ಲ.

ಕಾರಂಜಿಯನ್ನು ಕಂಡು ಸಂತೋಷಪಡದ ಮನುಷ್ಯನಿಲ್ಲ. ಆದರೆ ನೋಡುವವನ ಕಣ್ಣು ಚಿಮ್ಮುವ ಬಾಯಿಯಲ್ಲಿ ನೆಡುವುದೇ ಹೊರತು, ಕಾಣದ ಎತ್ತರದಲ್ಲಿರುವ ಮೂಲದ ಕಡೆಗೆ ಹರಿಯುವುದು ಅಪೂರ್ವ. ದೊಡ್ಡ ದೊಡ್ಡ ರಾಜ್ಯಗಳ ಕಾರಂಜಿಗಳು ಒಣಗಿಹೋದುದೂ, ಬೆಟ್ಟದ ಬುಡದ ಕೆಲವು ಸಣ್ಣ ಧಾರೆಗಳು ಇಂದಿಗೂ ಹರಿಯುತ್ತಿರುವುದೂ ಏಕೆಂದು ವಿಚಾರಿಸಿದರೆ, ಉತ್ತರವು ಆ ಕಾಣದ ಮೂಲದಲ್ಲಿಯೇ ದೊರೆಯುವುದು. ಈ ಲೇಖನದ ವಿಷಯವೂ ಅದೇ.

ಹೆಸರುಗಳು

ಕನ್ನಡದಲ್ಲಿ ನೆಲದಿಂದ ಹುಟ್ಟುವ ನೀರಿಗೆ ಹೆಸರುಗಳು ಹಲವು. ಮೆಲ್ಲಮೆಲ್ಲನೆ ಜಿನುಗುವುದು ಒರತೆ. ಉಕ್ಕಿ ಬರುವುದು ಚಿಲುಮೆ. ಗುಳುಗುಳು ಸದ್ದಿನೊಡನೆ ಮೇಲಕ್ಕೇಳುವುದು ಬುಗ್ಗೆ. ಬೆಟ್ಟದ ಮೇಲಿಂದ ಬಿಡದೆ ಬೀಳುವುದು ಅಬ್ಬಿ. ಇವೆಲ್ಲ ಪ್ರಕೃತಿದತ್ತವಾದುವು. ಮನುಷ್ಯನು ಯುಕ್ತಿಯಿಂದ ಚಿಮ್ಮಿಸುವುದು ಕಾರಂಜಿ. ಸಂಸ್ಕೃತದಲ್ಲಿ ಇದಕ್ಕೆ ಜಲಯಂತ್ರವೆಂದೂ, ಇಂತಹ ಯಂತ್ರಗಳಿಂದ ಕೂಡಿದ ಮಂಟಪಕ್ಕೆ ಯಂತ್ರಧಾರಾಗೃಹವೆಂದೂ ಹೆಸರು.

ಕರಾವಳಿಯ ಸಿದ್ದಾಪುರದ ಸೀಮೆಯವರಿಗೆ ಪ್ರಕೃತಿದತ್ತವಾದ ಧಾರೆಗಳ ಪರಿಚಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಪೂರ್ವಕ್ಕೆ ಸಹ್ಯಾದ್ರಿಯ ಗೋಡೆ. ಅದರ ನೆತ್ತಿಯಲ್ಲಿ ಹುಲಿಕಲ್ಲಿನ ಮಹಾವೃಷ್ಟಿ. ಕೆಳಗೆ ವಾರಾಹಿಯ ಹರಿವು. ಸಮೀಪದ ಕಮಲಶಿಲೆಯಲ್ಲಿ ಮಳೆಗಾಲದಲ್ಲಿ ಕುಬ್ಜಾ ನದಿಯು ಉಕ್ಕಿ ಗುಡಿಯೊಳಗೆ ಪ್ರವೇಶಿಸಿ ಬ್ರಾಹ್ಮೀ ದುರ್ಗಾಪರಮೇಶ್ವರಿಗೆ ತಾನಾಗಿಯೇ ಅಭಿಷೇಕ ಮಾಡುವುದನ್ನು ಭಕ್ತಜನರು ವರ್ಷವರ್ಷವೂ ಕಾದು ನೋಡುವರು. ಘಟ್ಟದ ಮೇಲಣ ತೀರ್ಥಹಳ್ಳಿಯ ಸೀಮೆಯಲ್ಲಿ ಶರಾವತಿಯ ಉಗಮಸ್ಥಾನವಾದ ಅಂಬುತೀರ್ಥವಿದೆ. ಶ್ರೀರಾಮನು ಅಂಬಿನಿಂದ ನೆಲವನ್ನು ಭೇದಿಸಲು ನೀರು ಚಿಮ್ಮಿತೆಂದೂ, ಶರದಿಂದ ಹುಟ್ಟಿದುದರಿಂದ ಶರಾವತಿಯೆಂಬ ಹೆಸರಾಯಿತೆಂದೂ ಸ್ಥಳಪುರಾಣವು ಹೇಳುವುದು.

ಮಲೆನಾಡಿನ ಒಕ್ಕಲುಮನೆಗಳಲ್ಲಿ ಈ ವಿದ್ಯೆಯು ಗ್ರಂಥವಿಲ್ಲದೆಯೇ ಬೆಳೆದುಬಂದಿದೆ. ಗುಡ್ಡದ ಮೇಲಣ ಒರತೆಯ ನೀರನ್ನು ಸೀಳಿದ ಅಡಕೆಯ ಮರದ ದೋಣಿಗಳ ಮೂಲಕ ಇಳಿಸಿ, ಬಚ್ಚಲಿನ ಕಲ್ಲುಮರಿಗೆಗೆ ಬೀಳಿಸಿಕೊಳ್ಳುವರು. ಹಗಲಿರುಳು ಅದು ಬೀಳುತ್ತಲೇ ಇರುವುದು. ಬಳಸಿ ಮಿಕ್ಕ ನೀರು ತೋಟಕ್ಕೆ ಹೋಗುವುದು. ಇದಕ್ಕೆ ಹಗ್ಗ, ರಾಟೆ, ಆಳು ಯಾವುದೂ ಬೇಡ. ಎತ್ತರವನ್ನು ಬೆಟ್ಟವು ಕೊಟ್ಟಿತು. ಆಶ್ರಯವನ್ನು ಕಾಡು ಕೊಟ್ಟಿತು. ಮನುಷ್ಯನು ಕೊಟ್ಟುದು ಬಾಯಿಯೊಂದನ್ನೇ.

ಪ್ರಾಚೀನರ ಧಾರಾಗೃಹಗಳು

ಭಾರತೀಯರಿಗೆ ಜಲಯಂತ್ರವು ತುರುಷ್ಕರ ಕಾಲದಲ್ಲಿ ಮೊದಲು ತಿಳಿದುಬಂದಿತೆಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಕಾಳಿದಾಸನ ಮೇಘದೂತದಲ್ಲಿ, ಕೈಲಾಸದ ಸುರಯುವತಿಯರು ತಮ್ಮ ಕಂಕಣಗಳಿಂದ ಮೋಡವನ್ನು ತಿವಿದು ನೀರು ಸುರಿಸಿ, ಅದನ್ನೇ ಯಂತ್ರಧಾರಾಗೃಹವನ್ನಾಗಿ ಮಾಡಿಕೊಳ್ಳುವರೆಂಬ ಕಲ್ಪನೆಯುಂಟು. ಕೇಳುವವರಿಗೆ ಆ ವಸ್ತುವಿನ ಪರಿಚಯವಿಲ್ಲದಿದ್ದರೆ ಕವಿಯು ಅದನ್ನು ಉಪಮಾನವಾಗಿ ಬಳಸುತ್ತಿರಲಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ ಸಮರಾಂಗಣಸೂತ್ರಧಾರವೆಂಬ ವಾಸ್ತುಗ್ರಂಥದಲ್ಲಿ ಯಂತ್ರಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ನೀರಿನ ಚಲನೆಯನ್ನು ಅಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿರುವರು: ಎತ್ತರದಿಂದ ಬೀಳುವುದು, ಮೂಲದ ಸಮಾನವಾದ ಎತ್ತರದಲ್ಲಿ ಹೊರಡುವುದು, ಒಮ್ಮೆ ಬಿದ್ದು ಮರಳಿ ಏರುವುದು, ಆಳದಿಂದ ಮೇಲೆತ್ತಲ್ಪಡುವುದು. ಧಾರಾಗೃಹ, ಪ್ರವರ್ಷಣ, ಪ್ರಣಾಲ, ಜಲಮಗ್ನ, ನಂದ್ಯಾವರ್ತವೆಂದು ಜಲಮಂಟಪಗಳ ಐದು ಭೇದಗಳೂ ಅಲ್ಲಿ ಹೇಳಲ್ಪಟ್ಟಿವೆ. ಕರ್ನಾಟಕದಲ್ಲಿ ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ಸಾಲಿಗೆ ಜಲಕ್ರೀಡೆಯೂ ಸೇರಿದೆ.

ಅರಸರು ಹೀಗೆ ನೀರನ್ನು ವಿನೋದಕ್ಕಾಗಿ ಬಳಸುತ್ತಿದ್ದ ಅದೇ ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ, ಕೆರೆಯನ್ನು ಕಟ್ಟಿಸಿದರು. ಆ ಕೆರೆಯೂ ಅದರ ನಡುವಣ ದೇವಾಲಯವೂ ಇಂದಿಗೂ ಇರುವುವು. ಕೆರೆ ತೋಡುವುದನ್ನು ಶಿವಪೂಜೆಯ ಅಂಗವನ್ನಾಗಿ ಮಾಡಿದ ಮಹಾನುಭಾವರ ಈ ದೃಷ್ಟಾಂತವನ್ನು ಮರೆಯದೆ ಮುಂದಿನ ವೃತ್ತಾಂತವನ್ನು ನೋಡಬೇಕು. ಏಕೆಂದರೆ ನೀರಿನ ಚೆಲುವು ಯಾರಿಗಾಗಿ ಎಂಬ ಪ್ರಶ್ನೆಯು ಕಾರಂಜಿಯ ಚರಿತ್ರೆಯುದ್ದಕ್ಕೂ ನಿಂತಿರುವುದು.

ನೀರು ಏರುವ ಬಗೆ

ನೀರಿಗೆ ಇಳಿಯುವುದು ಸ್ವಭಾವ. ಅದು ಏರುವುದು ಹೇಗೆ? ಎರಡು ಪಾತ್ರೆಗಳನ್ನು ಕೆಳಗೆ ಒಂದು ಕೊಳವಿಯಿಂದ ಕೂಡಿಸಿ, ಒಂದಕ್ಕೆ ನೀರು ತುಂಬಿದರೆ ಇನ್ನೊಂದರಲ್ಲಿಯೂ ಅಷ್ಟೇ ಮಟ್ಟಕ್ಕೆ ಏರುವುದು. ಎರಡನೆಯ ಪಾತ್ರೆಯನ್ನು ತೆಗೆದು ಕೊಳವಿಯ ಬಾಯನ್ನು ಮೇಲ್ಮುಖವಾಗಿ ತೆರೆದಿಟ್ಟರೆ, ನೀರು ಅದೇ ಮಟ್ಟವನ್ನು ಮುಟ್ಟಲು ಹವಣಿಸಿ ಚಿಮ್ಮುವುದು. ಇದೇ ಕಾರಂಜಿ. ಆದರೆ ಕೊಳವಿಯ ಗೋಡೆಗಳ ಘರ್ಷಣೆಯಿಂದಲೂ, ಗಾಳಿಯ ತಡೆಯಿಂದಲೂ, ಮೇಲಿಂದ ಬೀಳುವ ಹನಿಗಳ ಭಾರದಿಂದಲೂ ಧಾರೆಯು ಮೂಲದ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ನಿಲ್ಲುವುದು. ಎಷ್ಟೇ ಚಾತುರ್ಯವನ್ನು ಪ್ರಯೋಗಿಸಿದರೂ, ತಾನಾಗಿ ಹರಿಯುವ ನೀರು ತನ್ನ ಮೂಲದ ಎತ್ತರವನ್ನು ಮೀರಿ ಚಿಮ್ಮಲಾರದು.

ಇಟಲಿ ದೇಶದ ಟೊರಿಚೆಲ್ಲಿಯೆಂಬ ಪಂಡಿತನು ಹದಿನೇಳನೆಯ ಶತಮಾನದಲ್ಲಿ ಇದರ ಗಣಿತವನ್ನು ನಿರ್ಣಯಿಸಿದನು. ಆ ಲೆಕ್ಕದಂತೆ ೩೦ ಅಡಿ ಎತ್ತರದ ತೊಟ್ಟಿಯಿಂದ ಬಂದ ನೀರು ಕೆಳಗಣ ಬಾಯಿಯಲ್ಲಿ ಸೆಕೆಂಡಿಗೆ ಸುಮಾರು ೪೪ ಅಡಿ ವೇಗದಿಂದ ಹೊರಡಬೇಕು. ವೇಗವನ್ನು ಇಮ್ಮಡಿಸಬೇಕಾದರೆ ಎತ್ತರವನ್ನು ನಾಲ್ಮಡಿ, ಎಂದರೆ ೧೨೦ ಅಡಿಗೆ ಏರಿಸಬೇಕು. ಕೊಳವಿಯ ಬಾಯನ್ನು ಕಿರಿದುಮಾಡಿದರೆ ನೀರಿಗೆ ಹೊಸ ಬಲವು ಹುಟ್ಟುವುದೆಂದು ಸಾಮಾನ್ಯರು ತಿಳಿಯುವುದುಂಟು. ಹಾಗಲ್ಲ. ಕಿರಿಬಾಯಿಯಿಂದ ಕೊಳವಿಯೊಳಗಣ ಹರಿವು ನಿಧಾನವಾಗಿ, ಘರ್ಷಣೆಯಲ್ಲಿ ನಷ್ಟವಾಗುತ್ತಿದ್ದ ಬಲವು ಉಳಿದುಬರುವುದಷ್ಟೆ. ಬಾಯಿಯು ಬಲವನ್ನು ಕಾಯಬಲ್ಲುದು, ಕೊಡಲಾರದು. ಕೊಡುವುದು ಎತ್ತರವೊಂದೇ.

ಈ ಎತ್ತರದ ಬಲವನ್ನು ಕಾಣಲು ಸಿದ್ದಾಪುರದವರು ದೂರ ಹೋಗಬೇಕಾದುದಿಲ್ಲ. ಘಟ್ಟದ ಮೇಲೆ ಮಾಣಿಯ ಅಣೆಕಟ್ಟಿನಲ್ಲಿ ತಡೆದ ವಾರಾಹಿಯ ನೀರು ಸುರಂಗಗಳ ಮೂಲಕ ಸಾವಿರ ಅಡಿಗೂ ಮಿಕ್ಕ ಆಳಕ್ಕೆ ಇಳಿದು, ಹೊಸಂಗಡಿಯ ಬಳಿಯ ಭೂಗರ್ಭದ ವಿದ್ಯುದಾಗಾರದಲ್ಲಿ ಚಕ್ರಗಳನ್ನು ತಿರುಗಿಸುತ್ತಿದೆ. ೧೯೮೯ರಲ್ಲಿ ಕೆಲಸವನ್ನಾರಂಭಿಸಿದ ಈ ಆಗಾರದ ಒಟ್ಟು ಸಾಮರ್ಥ್ಯವು ೨೦೦೯ರಲ್ಲಿ ೪೬೦ ಮೆಗಾವಾಟಿಗೆ ಏರಿತು. ಉದ್ಯಾನದ ಕಾರಂಜಿಗೂ ಈ ಮಹಾಯಂತ್ರಕ್ಕೂ ತತ್ತ್ವವು ಒಂದೇ. ಒಂದರಲ್ಲಿ ಅದು ಕಣ್ಣಿಗೆ ಹಬ್ಬವಾಗುವುದು, ಇನ್ನೊಂದರಲ್ಲಿ ಮನೆಗೆ ಬೆಳಕಾಗುವುದು.

ಪರದೇಶಗಳ ಕಾರಂಜಿಗಳು

ಪಾಶ್ಚಾತ್ಯರಲ್ಲಿ ಈ ವಿದ್ಯೆಯನ್ನು ಜನೋಪಯೋಗಕ್ಕೆ ತಿರುಗಿಸಿದವರಲ್ಲಿ ರೋಮಕರು ಅಗ್ರಗಣ್ಯರು. ದೂರದ ಬೆಟ್ಟಗಳ ಚಿಲುಮೆಗಳಿಂದ ಕಲ್ಲಿನ ಕಾಲುವೆಗಳಲ್ಲಿ ನೀರನ್ನು ತಂದು, ಬೀದಿಬೀದಿಗಳ ತೊಟ್ಟಿಗಳಲ್ಲಿ ಸದಾ ಸುರಿಯುವಂತೆ ಮಾಡಿದರು. ಕ್ರಿಸ್ತಪೂರ್ವ ೧೯ರಲ್ಲಿ ಅಗ್ರಿಪ್ಪನು ನಗರಕ್ಕೆ ತಂದ ವರ್ಗೊ ಎಂಬ ಕಾಲುವೆಯೇ, ಕಾಲಕಾಲಕ್ಕೆ ದುರಸ್ತಿಯಾಗುತ್ತ, ೧೭೬೨ರಲ್ಲಿ ಪೂರ್ಣಗೊಂಡ ಟ್ರೆವಿಯೆಂಬ ಪ್ರಖ್ಯಾತವಾದ ಕಾರಂಜಿಗೆ ಮೂಲವಾಯಿತು. ಸಾಮ್ರಾಜ್ಯವು ಅಳಿದರೂ ಧಾರೆಯು ಉಳಿಯಿತು. ಜನರಿಗೆ ಕುಡಿಯಲು ನೀರು ಬೇಕಾಗಿದ್ದುದರಿಂದ ಜನರೇ ಅದನ್ನು ಉಳಿಸಿಕೊಂಡರು.

ಇದಕ್ಕೆ ಪ್ರತಿಯಾದ ದೃಷ್ಟಾಂತವು ಫ್ರಾನ್ಸಿನ ವರ್ಸೇಲ್ಸ್ ನಗರದ ಅರಮನೆಯದು. ಹದಿನಾಲ್ಕನೆಯ ಲೂಯಿ ದೊರೆಯು ಎತ್ತರದ ಮೂಲವಿಲ್ಲದ ನೆಲದಲ್ಲಿ ನೂರಾರು ಕಾರಂಜಿಗಳನ್ನು ಬಯಸಿದನು. ಅವುಗಳಿಗಾಗಿ ಸೇನ್ ನದಿಯ ಮೇಲೆ ಮಾರ್ಲಿಯೆಂಬಲ್ಲಿ ೧೪ ಮಹಾಚಕ್ರಗಳೂ ಇನ್ನೂರಕ್ಕೂ ಮೇಲ್ಪಟ್ಟ ಪಂಪುಗಳೂ ಉಳ್ಳ ಯಂತ್ರವನ್ನು ೧೬೮೪ರಲ್ಲಿ ಸ್ಥಾಪಿಸಲಾಯಿತು. ಅಷ್ಟಾದರೂ ನೀರು ಸಾಲಲಿಲ್ಲ. ದೊರೆಯು ಉದ್ಯಾನದಲ್ಲಿ ನಡೆದುಬರುವಾಗ ಸೇವಕರು ಸಿಳ್ಳಿನ ಸನ್ನೆಯಿಂದ ಒಬ್ಬರಿಗೊಬ್ಬರು ತಿಳಿಸಿ, ಆತನ ಮುಂದಣ ಕಾರಂಜಿಯನ್ನು ತೆರೆದು ಹಿಂದಣದನ್ನು ಮುಚ್ಚುತ್ತಿದ್ದರು. ದೊರೆ ಇದ್ದಲ್ಲಿ ನೀರು; ಮಿಕ್ಕೆಡೆಯಲ್ಲಿ ಒಣಗಿದ ಕೊಳವಿ.

ಮೊಗಲರ ಉದ್ಯಾನಗಳಲ್ಲಿ ಪರಸೀಕ ದೇಶದ ಪದ್ಧತಿಯು ಭಾರತದ ನೆಲದಲ್ಲಿ ಬೇರೂರಿತು. ೧೬೧೯ರಲ್ಲಿ ಆರಂಭವಾದ ಕಾಶ್ಮೀರದ ಶಾಲಿಮಾರ್ ತೋಟಕ್ಕೆ ಬೆಟ್ಟದ ಝರಿಯೇ ನೀರನ್ನೊದಗಿಸಿದುದರಿಂದ ಯಂತ್ರಗಳ ಶ್ರಮವು ಬೇಕಾಗಲಿಲ್ಲ. ಷಹಜಹಾನನು ೧೬೪೧-೪೨ರಲ್ಲಿ ಲಾಹೋರಿನಲ್ಲಿ ಮಾಡಿಸಿದ ಅದೇ ಹೆಸರಿನ ತೋಟದಲ್ಲಿ ೪೧೦ ಕಾರಂಜಿಗಳಿದ್ದುವು. ಆಗ್ರಾದ ತಾಜಮಹಲಿನ ಕಾರಂಜಿಗಳಲ್ಲಿ ಒಂದೊಂದರ ಅಡಿಯಲ್ಲಿಯೂ ಒಂದೊಂದು ತಾಮ್ರದ ಕೊಡವನ್ನು ಹುಗಿದಿರುವರು. ನೀರು ಮೊದಲು ಕೊಡಗಳನ್ನೆಲ್ಲ ತುಂಬಿ ಬಳಿಕ ಮೇಲಕ್ಕೆ ಚಿಮ್ಮುವುದರಿಂದ, ಸಾಲಿನ ಮೊದಲನೆಯದೂ ಕಡೆಯದೂ ಸಮನಾಗಿ ಏಳುವುವು. ಒಳಗೆ ತುಂಬಿದ ಮೇಲೆಯೇ ಹೊರಗೆ ಪ್ರಕಾಶವೆಂಬ ಈ ಯುಕ್ತಿಯು ಮೆಚ್ಚತಕ್ಕದು.

ವಿಜಯನಗರ ಮತ್ತು ವಿಜಾಪುರ

ಕನ್ನಡನಾಡಿನಲ್ಲಿ ಜಲಶಿಲ್ಪದ ವೈಭವವು ವಿಜಯನಗರದಲ್ಲಿ ಮೊದಲು ಕಣ್ಣಿಗೆ ಬೀಳುವುದು. ಹಂಪೆಯ ಅರಮನೆಯ ಆವರಣದಲ್ಲಿ ಕಲ್ಲಿನ ಕಂಬಗಳ ಮೇಲೆ ದೋಣಿಗಲ್ಲುಗಳನ್ನು ಸಾಲಾಗಿ ಹೊಂದಿಸಿ ನೀರನ್ನು ಸಾಗಿಸಿದ ಮಾರ್ಗವು ಇಂದಿಗೂ ನಿಂತಿದೆ. ರಾಣಿಯರ ಸ್ನಾನಗೃಹವೆಂದು ಪ್ರಸಿದ್ಧವಾದ ಕಟ್ಟಡವು ಸುತ್ತಲೂ ಅಗಳನ್ನೂ ನಡುವೆ ಆಕಾಶಕ್ಕೆ ತೆರೆದ ಚೌಕದ ಕೊಳವನ್ನೂ ಹೊಂದಿದೆ. ೧೫೬೫ರ ಯುದ್ಧದ ತರುವಾಯ ನಗರವು ಹಾಳಾಗಲು, ಮಾರ್ಗಗಳನ್ನು ನೋಡಿಕೊಳ್ಳುವವರಿಲ್ಲದೆ ಆ ಕೊಳವು ಬರಿದಾಯಿತು. ಆದರೆ ಅದೇ ಅರಸರು ತುಂಗಭದ್ರೆಯಿಂದ ಹೊಲಗಳಿಗೆ ತೆಗೆಸಿದ ಕಾಲುವೆಗಳಲ್ಲಿ ಹಲವು ಇಂದಿಗೂ ಹರಿಯುತ್ತಿರುವುವು. ಒಕ್ಕಲಿಗನ ನೀರು ಅರಮನೆಯ ನೀರಿಗಿಂತ ದೀರ್ಘಾಯುವಾಯಿತು.

ಇಂದು ವಿಜಯಪುರವೆನಿಸಿದ ವಿಜಾಪುರವು ಮಳೆ ಕಡಿಮೆಯಾದ ಸೀಮೆಯಲ್ಲಿದೆ. ಆದಿಲಷಾಹಿ ಸುಲ್ತಾನರು ತೊರವಿಯ ಕಡೆಯಿಂದ ನೆಲದೊಳಗಣ ಮಾರ್ಗದಲ್ಲಿ ನೀರನ್ನು ತಂದರು. ಮಹಮ್ಮದ್ ಆದಿಲಷಹನು ೧೬೫೧ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿಸಿ, ಅಲ್ಲಿಂದ ಮಣ್ಣಿನ ಕೊಳವಿಗಳಲ್ಲಿ ಪೇಟೆಗೆ ನೀರನ್ನು ಒದಗಿಸಿದನು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಎತ್ತಿಸಲಾಯಿತು. ನೀರು ಗೋಪುರದಲ್ಲಿ ಏರಿ ತನ್ನ ರಭಸವನ್ನು ಕಳೆದುಕೊಂಡು, ಕೆಸರನ್ನು ಅಡಿಯಲ್ಲಿ ಇಳಿಸಿ, ತಿಳಿಯಾಗಿ ಮುಂದೆ ಹೋಗುವುದು. ಒತ್ತಡದಿಂದ ಕೊಳವಿಗಳು ಒಡೆಯುವ ಭಯವಿರುವುದಿಲ್ಲ. ಗಂಗೆಯ ರಭಸವನ್ನು ಜಟೆಯು ತಡೆದಂತೆಯೇ ಈ ಗೋಪುರಗಳ ಕೆಲಸ.

ನಗರದ ಪೂರ್ವಕ್ಕೆ ಸಿಂದಗಿಯ ಹಾದಿಯಲ್ಲಿರುವ ಕುಮಟಗಿಯಲ್ಲಿ ಸುಲ್ತಾನರ ವಿಹಾರಮಂಟಪಗಳಿವೆ. ನೀರನ್ನು ಎತ್ತರದ ಗೋಪುರಕ್ಕೇರಿಸಿ, ಕೊಳವಿಗಳ ಮೂಲಕ ಮಂಟಪದ ಕೊಳಗಳಲ್ಲಿ ಚಿಮ್ಮಿಸುವ ಏರ್ಪಾಡೂ, ಮೇಲ್ಛಾವಣಿಯಿಂದ ಮಳೆಯಂತೆ ಸುರಿಸುವ ಏರ್ಪಾಡೂ ಅಲ್ಲಿದ್ದುವು. ಭೋಜನ ಗ್ರಂಥದಲ್ಲಿ ಹೇಳಿದ ಪ್ರವರ್ಷಣವೇ ಇಲ್ಲಿ ಕಲ್ಲುಗಾರೆಗಳಲ್ಲಿ ಮೈದಾಳಿದಂತೆ ತೋರುವುದು. ೧೬೮೬ರಲ್ಲಿ ವಿಜಾಪುರವು ಔರಂಗಜೇಬನ ಕೈಸೇರಿತು. ಅರಸೊತ್ತಿಗೆಯು ಮುಗಿಯಲು ಕೊಳವಿಗಳಲ್ಲಿ ಹೂಳು ತುಂಬಿತು; ಕಾರಂಜಿಗಳು ನಿಂತುಹೋದುವು. ನೀರನ್ನು ಮೇಲಕ್ಕೆತ್ತುವ ಕೈಗಳಿರುವತನಕ ಮಾತ್ರ ಅವುಗಳ ಆಯುಷ್ಯ.

ಬಿದನೂರು ಮತ್ತು ದೇವಗಂಗೆ

ಇಂತಹ ವಿಜಾಪುರದ ಸೈನ್ಯವೇ, ರಣದುಲ್ಲಾಖಾನನ ನಾಯಕತ್ವದಲ್ಲಿ, ಶಿವಭಕ್ತರಾದ ಕೆಳದಿಯರಸರ ರಾಜಧಾನಿ ಇಕ್ಕೇರಿಯನ್ನು ಸೂರೆಗೊಂಡಿತು. ಬಯಲಿನ ಇಕ್ಕೇರಿಯು ಸುರಕ್ಷಿತವಲ್ಲವೆಂದು ಬಗೆದ ವೀರಭದ್ರನಾಯಕನು ೧೬೪೦ರ ಸುಮಾರಿಗೆ ಬೆಟ್ಟಗಾಡಿನ ಬಿದನೂರಿಗೆ ರಾಜಧಾನಿಯನ್ನು ಸಾಗಿಸಿದನು. ಬಿದಿರಿನ ಊರಾದುದರಿಂದ ಇದಕ್ಕೆ ವೇಣುಪುರವೆಂದೂ ಹೆಸರು. ೧೬೪೫ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪನಾಯಕನ ಆಳ್ವಿಕೆಯಲ್ಲಿ ಬಿದನೂರು ಮಹಾನಗರವಾಯಿತು. ಭೂಮಿಯ ಸಾರವನ್ನು ಪರೀಕ್ಷಿಸಿ ಆತನು ವಿಧಿಸಿದ ಕಂದಾಯದ ಕ್ರಮವು ‘ಶಿವಪ್ಪನಾಯಕನ ಶಿಸ್ತು’ ಎಂದು ನಾಡಮಾತಾಯಿತು. ಕರಾವಳಿಯ ಬಸರೂರು, ಗಂಗೊಳ್ಳಿ ಮೊದಲಾದ ಸ್ಥಳಗಳಲ್ಲಿದ್ದ ಪೋರ್ತುಗೀಜರ ಬಲವನ್ನು ೧೬೫೦ರ ದಶಕದಲ್ಲಿ ಮುರಿದವನೂ ಅವನೇ. ಬಿದನೂರಿನಿಂದ ಕುಂದಾಪುರದ ರೇವಿಗೆ ಇಳಿಯುವ ಹೆದ್ದಾರಿಯು ಹೊಸಂಗಡಿಯ ಘಟ್ಟವನ್ನು ದಾಟಿ ಸಿದ್ದಾಪುರದ ಸೀಮೆಯಲ್ಲಿ ಹಾದುಹೋಗುತ್ತಿತ್ತು.

ಆ ನಗರವು ಇಂದು ನಗರವೆಂಬ ಹೆಸರನ್ನು ಮಾತ್ರ ಉಳಿಸಿಕೊಂಡ ಗ್ರಾಮವಾಗಿದೆ. ಅಲ್ಲಿಗೆ ಸಮೀಪದಲ್ಲಿ, ಬಸವನಬ್ಯಾಣದ ಬಳಿ, ಕಾಡಿನ ಮಡಿಲಲ್ಲಿ ದೇವಗಂಗೆಯೆಂಬ ಕೊಳಗಳ ಸಮೂಹವಿದೆ. ಕೆಳದಿಯರಸರು ವಿಹಾರಕ್ಕಾಗಿಯೂ ಸ್ನಾನಕ್ಕಾಗಿಯೂ ಇದನ್ನು ಕಟ್ಟಿಸಿದರು. ಒಂದು ದೊಡ್ಡ ಕೊಳ. ಅದರ ನಡುವಣ ಜಗಲಿಗೆ ಹೋಗಲು ಕಲ್ಲಿನ ಕಾಲುದಾರಿ. ಪಕ್ಕದಲ್ಲಿ ಬೇರೆಬೇರೆ ಆಕಾರಗಳ ಚಿಕ್ಕ ಕೊಳಗಳು. ಎಲ್ಲಕ್ಕೂ ಅಂದವಾಗಿ ಕಡೆದ ಕಲ್ಲಿನ ಕಟ್ಟಡ. ಗುಡ್ಡದ ಚಿಲುಮೆಯ ನೀರು ಕಲ್ಲಿನ ಬಾಯಿಯಿಂದ ಒಳಕ್ಕೆ ಬರುವುದು. ಬಂದಷ್ಟು ನೀರು ಇನ್ನೊಂದು ಬಾಯಿಯಿಂದ ಹೊರಕ್ಕೆ ಹೋಗುವುದು. ಆದಕಾರಣ ನೀರು ವರ್ಷವಿಡೀ ಹರಿಯುತ್ತ ತಿಳಿಯಾಗಿರುವುದು. ಮಟ್ಟವೂ ಬಹುಮಟ್ಟಿಗೆ ಒಂದೇ ಆಗಿರುವುದು.

ದೇವಗಂಗೆಯಲ್ಲಿ ನೀರು ಆಕಾಶಕ್ಕೆ ಚಿಮ್ಮುವುದಿಲ್ಲ. ವರ್ಸೇಲ್ಸಿನ ಕಾರಂಜಿಗಳನ್ನು ವರ್ಣಿಸಿದವರು ಇದನ್ನು ಕಂಡರೆ, ಇದರಲ್ಲೇನು ಅತಿಶಯವೆಂದು ಕೇಳಬಹುದು. ಅತಿಶಯವಿರುವುದು ಅದರ ಸಂಯಮದಲ್ಲಿ. ಇಲ್ಲಿ ನೀರನ್ನು ಎತ್ತುವ ಚಕ್ರವಿಲ್ಲ, ತುಳಿಯುವ ಆಳಿಲ್ಲ, ತೆರೆದು ಮುಚ್ಚುವ ಸೇವಕನಿಲ್ಲ. ಅರಸನು ಬಂದನೆಂದು ಧಾರೆಯು ಹೆಚ್ಚಲಿಲ್ಲ, ಹೋದನೆಂದು ನಿಲ್ಲಲಿಲ್ಲ. ಬೆಟ್ಟವು ಕೊಟ್ಟುದನ್ನು ಪಡೆದು, ಮಿಂದು, ಮುಂದಕ್ಕೆ ಹರಿಯಬಿಡುವುದೇ ಇದರ ಶಿಲ್ಪ. ಒಕ್ಕಲಿಗನ ಮನೆಯ ಅಡಕೆದೋಣಿಯಲ್ಲಿದ್ದ ವಿದ್ಯೆಯನ್ನೇ ಅರಸನು ಕಲ್ಲಿನಲ್ಲಿ ಮಾಡಿಸಿದನೆಂದರೆ ತಪ್ಪಾಗದು.

ಬೇಗಂ ತಲಾಬನ್ನು ಕಟ್ಟಿಸಿದ ಮಹಮ್ಮದ್ ಆದಿಲಷಹನೂ ಶಿವಪ್ಪನಾಯಕನೂ ಸಮಕಾಲೀನರು. ಒಬ್ಬನ ನಾಡಿನಲ್ಲಿ ನೀರು ದುರ್ಲಭ, ಇನ್ನೊಬ್ಬನ ನಾಡಿನಲ್ಲಿ ಸುಲಭ. ಆದುದರಿಂದ ಒಬ್ಬರನ್ನು ಹೊಗಳಿ ಮತ್ತೊಬ್ಬರನ್ನು ತೆಗಳುವುದು ನ್ಯಾಯವಲ್ಲ. ಬಯಲುಸೀಮೆಯಲ್ಲಿ ಜನರಿಗೆ ನೀರು ತಂದುಕೊಟ್ಟ ಸುಲ್ತಾನನ ಕಾರ್ಯವು ಸ್ತುತ್ಯವೇ ಸರಿ. ಆದರೆ ಇಬ್ಬರ ಕೃತಿಗಳ ಮುಂದಿನ ಗತಿಯನ್ನು ಹೋಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುವುದು. ಮೂಲವು ತಾನಾಗಿ ಎತ್ತರದಲ್ಲಿದ್ದು, ಅದನ್ನು ಕೆಡಿಸದೆ ಬಳಸಿದ ಕೃತಿಯು, ಕಟ್ಟಿಸಿದವರ ರಾಜ್ಯಕ್ಕಿಂತ ಹೆಚ್ಚು ಕಾಲ ಬಾಳುವುದು.

ಕೆಳದಿಯ ರಾಜ್ಯವಾದರೋ ೧೭೬೩ರಲ್ಲಿ ಮುಗಿಯಿತು. ಹೈದರಾಲಿಯು ಬಿದನೂರನ್ನು ಹಿಡಿದನು. ರಾಣಿ ವೀರಮ್ಮಾಜಿಯು ಕೋಟೆಯನ್ನು ಬಿಟ್ಟು ಹೋಗಬೇಕಾಯಿತು. ಅರಮನೆಗೆ ಬೆಂಕಿ ಬಿದ್ದಿತು. ಊರಿಗೆ ಹೈದರನಗರವೆಂಬ ಹೆಸರಾಯಿತು. ೧೭೮೩ರಲ್ಲಿ ಇಂಗ್ಲಿಷರ ಸೇನಾನಿ ಮ್ಯಾಥ್ಯೂಸನು ಕುಂದಾಪುರದಲ್ಲಿಳಿದು, ಹೊಸಂಗಡಿಯ ಘಟ್ಟವನ್ನೇರಿ ಬಿದನೂರನ್ನು ಹಿಡಿದನು. ಅದೇ ವರ್ಷ ಟಿಪ್ಪುಸುಲ್ತಾನನು ಮರಳಿ ಪಡೆದನು. ಇಪ್ಪತ್ತು ವರ್ಷಗಳೊಳಗೆ ಮೂರು ಸೇನೆಗಳ ಕಾಲ್ತುಳಿತಕ್ಕೆ ಸಿಕ್ಕಿದ ನಗರವು ಕ್ರಮೇಣ ಕಾಡಾಯಿತು. ಅರಮನೆಯ ತಳಹದಿ ಮಾತ್ರ ಉಳಿಯಿತು. ಕೋಟೆಯೊಳಗಣ ಅಕ್ಕತಂಗಿಯರ ಕೊಳಗಳು ಉಳಿದುವು. ದೇವಗಂಗೆಯ ಧಾರೆಯೂ ಉಳಿಯಿತು.

ಕೆಳದಿಯರಸರಿಗೆ ನೀರಿನ ಮೇಲಿದ್ದ ಪ್ರೀತಿಗೆ ಬೇರೆ ಸಾಕ್ಷ್ಯಗಳೂ ಉಂಟು. ಆನಂದಪುರದ ಸಮೀಪದ ಮಲಂದೂರಿನಲ್ಲಿ ವೆಂಕಟಪ್ಪನಾಯಕನು ಚಂಪಕೆಯೆಂಬ ಸ್ತ್ರೀಯ ನೆನಪಿಗಾಗಿ ಕಟ್ಟಿಸಿದನೆಂದು ಪ್ರತೀತಿಯುಳ್ಳ ಚಂಪಕಸರಸಿಯಿದೆ. ಮೆಟ್ಟಿಲುಗಳಿಂದ ಕೂಡಿದ ಈ ಕೊಳದ ನಡುವೆ ಚಿಕ್ಕದೊಂದು ಗುಡಿಯುಂಟು. ಬಹುಕಾಲ ಹೂಳಿನಲ್ಲಿ ಮುಚ್ಚಿದ್ದ ಇದನ್ನು ಈಚಿನ ವರ್ಷಗಳಲ್ಲಿ ಹೂಳೆತ್ತಿ ಉದ್ಧರಿಸಲಾಗಿದೆ. ಬಸವಪ್ಪನಾಯಕನು ೧೭೦೯ರಲ್ಲಿ ಪೂರೈಸಿದ ಶಿವತತ್ತ್ವರತ್ನಾಕರವೆಂಬ ವಿಶ್ವಕೋಶಸದೃಶವಾದ ಸಂಸ್ಕೃತ ಗ್ರಂಥವು ೯ ಕಲ್ಲೋಲಗಳಾಗಿಯೂ ೧೦೮ ತರಂಗಗಳಾಗಿಯೂ ವಿಭಾಗಗೊಂಡಿದೆ. ವಿದ್ಯೆಯನ್ನೂ ಅಲೆಗಳಿಂದ ಎಣಿಸಿದ ವಂಶವದು.

ಕನ್ನಂಬಾಡಿಯ ಬೃಂದಾವನ

ಆಧುನಿಕ ಕಾಲದಲ್ಲಿ ಕಾರಂಜಿಯೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಕನ್ನಂಬಾಡಿ. ನಾಲ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ, ೧೯೧೧ರಲ್ಲಿ ಕಾವೇರಿಗೆ ಅಡ್ಡಲಾಗಿ ಅಣೆಕಟ್ಟಿನ ಕೆಲಸವು ಮೊದಲಾಗಿ ೧೯೩೨ರಲ್ಲಿ ಮುಗಿಯಿತು. ದಿವಾನ್ ಮಿರ್ಜಾ ಇಸ್ಮಾಯಿಲರು ಕಾಶ್ಮೀರದ ಶಾಲಿಮಾರನ್ನು ಮನಸ್ಸಿನಲ್ಲಿಟ್ಟುಕೊಂಡು, ಅಣೆಕಟ್ಟಿನ ಅಡಿಯಲ್ಲಿ ೧೯೨೭ರಿಂದ ಬೃಂದಾವನವನ್ನು ಬೆಳೆಸಿದರು. ಮೇಲೆ ನಿಂತ ಸಾಗರದ ಎತ್ತರವೇ ಕೆಳಗಣ ಧಾರೆಗಳಿಗೆ ಬಲವನ್ನೊದಗಿಸಿತು. ಅಣೆಯನ್ನು ಕಟ್ಟಿದುದು ಕಾರಂಜಿಗಾಗಿಯಲ್ಲ. ಮಂಡ್ಯದ ಹೊಲಗಳಿಗೂ ಶಿವನಸಮುದ್ರದ ವಿದ್ಯುತ್ತಿಗೂ ಆಗಿ. ಹೊಲವು ಮೊದಲು ತಣಿದು, ಮಿಕ್ಕ ನೀರು ನಲಿದಾಡುವುದಾದರೆ ಆ ನಲಿವಿನಲ್ಲಿ ದೋಷವಿಲ್ಲ. ಸಾಮಾನ್ಯ ಜನರು ಹೆಂಡಿರುಮಕ್ಕಳೊಡನೆ ಹೋಗಿ ನೋಡುವ ಕಾರಂಜಿಯಾದುದು ಅದರ ಹಿರಿಮೆ.

ಕಾರಂಜಿಯ ಆಕರ್ಷಣೆ

ಕಾರಂಜಿಯಲ್ಲಿ ಜನಮನವನ್ನು ಸೆಳೆಯುವ ಗುಣವಾವುದು? ಅದರಿಂದ ತಂಪುಂಟಾಗುವುದು ನಿಜ. ಹನಿಗಳು ಆವಿಯಾಗುವಾಗ ಸುತ್ತಣ ಗಾಳಿಯ ಉಷ್ಣವನ್ನು ಹೀರುವುವು. ಅದರ ನಾದವು ಬೇರೆ ಸದ್ದುಗಳನ್ನು ಮರೆಯಿಸಿ ಮನಸ್ಸನ್ನು ಒಂದೆಡೆ ನಿಲ್ಲಿಸುವುದು. ಸೂರ್ಯರಶ್ಮಿಯು ತಾಗಿದಾಗ ಕಾಮನಬಿಲ್ಲು ಮೂಡುವುದು. ಇವೆಲ್ಲಕ್ಕೂ ಮಿಗಿಲಾದುದು ಇನ್ನೊಂದುಂಟು. ಕಾರಂಜಿಯಲ್ಲಿ ನೀರು ಕ್ಷಣಕ್ಷಣವೂ ಬೇರೆ. ರೂಪವು ಮಾತ್ರ ಒಂದೇ. ಏರಿದ ಹನಿಯು ತುದಿಯಲ್ಲಿ ಒಂದು ನಿಮಿಷಾರ್ಧವೂ ನಿಲ್ಲದೆ ತಲೆಬಾಗಿ ಇಳಿಯುವುದು. ಅದರ ಸ್ಥಾನಕ್ಕೆ ಇನ್ನೊಂದು ಬರುವುದು. ಏರಿದವನು ಇಳಿಯಬೇಕು, ಪಡೆದವನು ಕೊಡಬೇಕು, ಕೊಟ್ಟಲ್ಲದೆ ಹೊಸದು ಬಾರದು ಎಂಬುದನ್ನು ಮಾತಿಲ್ಲದೆ ತೋರಿಸುವ ವಸ್ತು ಇದು. ದಾಸೋಹದ ಅರ್ಥವನ್ನು ಬಲ್ಲ ಭಕ್ತರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ನಂದಿಯ ಬಾಯಿಂದ ಬೀಳುವ ಧಾರೆಯು ಕೆಳಗಣ ಲಿಂಗಕ್ಕೆ ಅಭಿಷೇಕವಾಗಿ ಬಳಿಕ ಕಲ್ಯಾಣಿಗೆ ಸೇರುವುದು. ಮಣ್ಣಿನಲ್ಲಿ ಹುದುಗಿದ್ದ ಈ ನಂದಿತೀರ್ಥವು ೧೯೯೭ರಲ್ಲಿ ಅಗೆದಾಗ ಮತ್ತೆ ಬೆಳಕಿಗೆ ಬಂದಿತು. ಬಾದಾಮಿಯ ಬಳಿಯ ಮಹಾಕೂಟದ ಪುಷ್ಕರಿಣಿಯು ಚಾಳುಕ್ಯರ ಕಾಲದಿಂದಲೂ ಚಿಲುಮೆಯ ನೀರಿನಿಂದ ತುಂಬಿಕೊಂಡಿದೆ. ಬೀದರಿನ ನಾನಕ್ ಝೀರಾದಲ್ಲಿ ಸಿಖ್ಖರು ಗುರು ನಾನಕರ ಸ್ಮರಣೆಯಿಂದ ಸಿಹಿನೀರಿನ ಒರತೆಯನ್ನು ಪೂಜ್ಯಭಾವದಿಂದ ಕಾಪಾಡಿಕೊಂಡು ಬಂದಿರುವರು. ಮತಗಳು ಬೇರೆಯಾದರೂ ನೀರು ಹುಟ್ಟುವ ಸ್ಥಳದಲ್ಲಿ ಪಾದರಕ್ಷೆಯನ್ನು ಕಳಚುವ ಬುದ್ಧಿಯು ಎಲ್ಲರಲ್ಲಿಯೂ ಒಂದೇ ಆಗಿರುವುದು.

ಉಪಸಂಹಾರ

ಇಂದು ವಿದ್ಯುತ್ತಿನ ಪಂಪುಗಳಿಂದ ಯಾವ ಬಯಲಿನಲ್ಲಿಯಾದರೂ ನೀರನ್ನು ಬೇಕಾದಷ್ಟು ಎತ್ತರಕ್ಕೆ ಚಿಮ್ಮಿಸಬಹುದು. ಜಿನೀವಾ ನಗರದ ಸರೋವರದಲ್ಲಿ ೧೪೦ ಮೀಟರು ಏರುವ ಧಾರೆಯುಂಟು. ಆದರೆ ಗುಂಡಿ ಒತ್ತಿದರೆ ಏಳುವ ಧಾರೆಯು ಗುಂಡಿ ಬಿಟ್ಟರೆ ಬೀಳುವುದು. ಬೆಟ್ಟದ ಚಿಲುಮೆಗೆ ಗುಂಡಿಯಿಲ್ಲ. ಅದನ್ನು ನಡೆಸುವುದು ಕಾಡು. ಮಳೆಯ ನೀರನ್ನು ಎಲೆಯಲ್ಲಿ ತಡೆದು, ತರಗಿನಲ್ಲಿ ನಿಲ್ಲಿಸಿ, ಬೇರಿನ ಹಾದಿಯಿಂದ ನೆಲದೊಳಕ್ಕೆ ಇಳಿಸುವ ಮಹಾಕೊಳವೇ ಅರಣ್ಯವು. ಗುಡ್ಡದ ನೆತ್ತಿಯನ್ನು ಬೋಳಿಸಿದರೆ ಆಷಾಢದಲ್ಲಿ ಪ್ರವಾಹ, ಚೈತ್ರದಲ್ಲಿ ಒಣಗಿದ ಬಾವಿ. ಕರ್ನಾಟಕದಲ್ಲಿಯೇ ಅತ್ಯಧಿಕವಾದ ಮಳೆ ಬೀಳುವ ಘಟ್ಟದ ಬುಡದಲ್ಲಿದ್ದುಕೊಂಡು ಬೇಸಗೆಯಲ್ಲಿ ನೀರಿಗಾಗಿ ಪರದಾಡುವಂತಾದರೆ, ಅದು ಆಕಾಶದ ತಪ್ಪಾಗಲಾರದು. ಎತ್ತರವು ಇದೆ, ಬಾಯಿಗಳು ಹೆಚ್ಚಾಗಿವೆ, ಕೆಟ್ಟಿರುವುದು ಆಶ್ರಯವು.

ಮಹೋತ್ಸವದ ಸಂದರ್ಭಗಳಲ್ಲಿ ಮಠಗಳ ಅಂಗಳವನ್ನು ತಳಿರುತೋರಣಗಳಿಂದಲೂ ದೀಪಗಳಿಂದಲೂ, ಕೆಲವೆಡೆ ಬಣ್ಣದ ಕಾರಂಜಿಗಳಿಂದಲೂ ಅಲಂಕರಿಸುವುದುಂಟು. ಅಲಂಕಾರವು ಬೇಡವೆಂದಲ್ಲ. ಆದರೆ ಪ್ರತಿಯೊಂದು ಹಳೆಯ ಮಠಕ್ಕೂ ಒಂದು ಕೊಳವುಂಟು, ಆ ಕೊಳಕ್ಕೊಂದು ಒರತೆಯುಂಟು, ಆ ಒರತೆಗೊಂದು ಗುಡ್ಡವುಂಟು. ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಸ್ಥಾನವನ್ನು ಕೊಟ್ಟ ಧರ್ಮದವರಿಗೆ, ಆ ಉದಕವು ಹುಟ್ಟುವ ಗುಡ್ಡದಲ್ಲಿ ಮರವನ್ನು ನಿಲ್ಲಿಸುವುದೂ, ಕೊಳದ ಹೂಳನ್ನು ತೆಗೆಯುವುದೂ, ಹೊರಬೀಳುವ ನೀರು ಕೆಳಗಣ ಒಕ್ಕಲಿನ ಗದ್ದೆಗೆ ಸೇರುವಂತೆ ನೋಡುವುದೂ ಸೇವೆಯೇ ಆಗಿದೆ. ಸೊನ್ನಲಿಗೆಯ ಶಿವಯೋಗಿಗಳು ಗುದ್ದಲಿ ಹಿಡಿದುದು ಇದಕ್ಕಾಗಿ. ಬಿದನೂರಿನ ಅರಸರು ಕಲ್ಲಿನಲ್ಲಿ ಕಡೆಸಿಟ್ಟುದು ಇದನ್ನೇ. ಅವರ ಸಿಂಹಾಸನವು ಹೋಗಿ ಎರಡೂವರೆ ಶತಮಾನಗಳು ಕಳೆದುವು. ದೇವಗಂಗೆಯ ನೀರು ಇಂದಿಗೂ ಒಂದು ಬಾಯಿಯಿಂದ ಬಂದು ಇನ್ನೊಂದು ಬಾಯಿಯಿಂದ ಹರಿದುಹೋಗುತ್ತಲೇ ಇದೆ. ಮೇಲಣ ಕಾಡು ನಿಂತಿರುವವರೆಗೆ ಅದು ನಿಲ್ಲದು.

ಗಂಗಾಧರನ ಕೃಪೆಯಿಂದ ನಾಡಿನ ಒರತೆಗಳು ಬತ್ತದಿರಲಿ. ಭಕ್ತಜನರ ಕೈಯಿಂದ ಅವುಗಳ ಆಶ್ರಯವು ಕೆಡದಿರಲಿ.

ಇತಿ ಶಿವಮ್.